ಗುಬ್ಬಿಯಲ್ಲಿ ಅರ್ಧ, ಕುಣಿಗಲ್ಲಿನಲ್ಲಿ ಅರ್ಧ

ಅರ್ಧ ಲೆನ್ಸಿಗೆ ಹನ್ನೊಂದು ಸಾವಿರ ರೂಪಾಯಿ ಕೊಟ್ಟೆ. ಇಡೀ ಲೆನ್ಸಿಗಲ್ಲ, ಅರ್ಧಕ್ಕೆ. ಚೊಂಬಿನ ಗಾತ್ರದ ಒಂದು ಹಿತ್ತಾಳೆ ಕೊಳವೆ, ಅದರ ಮೂತಿಯಲ್ಲಿ ಒಂದು ಗಾಜು. ಹಿಂದಿನ ಗಾಜು ಇರಲಿಲ್ಲ. ಕ್ಯಾಮೆರಾದ ಹಲಗೆಗೆ ಕೂರಿಸುವ ಬಳೆಯೂ ಇರಲಿಲ್ಲ. ತೂಕಕ್ಕೆ ಹಾಕಿದ್ದರೆ ಗುಜರಿಯವನು ಒಂದು ಸಾವಿರ ಕೊಡಲೂ ಮೂಗು ಮುರಿಯುತ್ತಿದ್ದ. ಆದರೂ ಕೊಟ್ಟೆ, ಯಾಕೆಂದರೆ ಇನ್ನರ್ಧ ಎಲ್ಲಿದೆ ಎಂದು ಮಾರುವವರೇ ಹೇಳಿದರು: ಕುಣಿಗಲ್ಲಿನಲ್ಲಿ, ಸ್ವಂತ ತಮ್ಮನ ಮನೆಯಲ್ಲಿ. ತುಮಕೂರಿನಿಂದ ಕುಣಿಗಲ್ಲಿಗೆ ಒಂದೇ ಬಸ್ಸು. ಹೋಗಿ ತಂದರಾಯಿತು ಅಂದುಕೊಂಡೆ. ಆಯುಷ್ಯವೆಲ್ಲ ಹಳೇ ಕ್ಯಾಮೆರಾ ವ್ಯಾಪಾರ ಮಾಡಿದವನ ಲೆಕ್ಕ ಇದು. ಲೆಕ್ಕದಲ್ಲಿ ಬಸ್ ಚಾರ್ಜು ಸೇರಿಸಿದ್ದೆ, ಅಣ್ಣತಮ್ಮಂದಿರನ್ನು ಸೇರಿಸಿರಲಿಲ್ಲ.

ಈಗ ಅಂಗಡಿ ಬಿಟ್ಟುಕೊಟ್ಟು ಮನೆಯಲ್ಲಿದ್ದೇನೆ. ಈ ಕಸುಬಿಗೆ ಹೊಸದಾಗಿ ಇಳಿದಿರುವ ಹುಡುಗರು, ಹುಡುಗಿಯರು ಫೋನಿನಲ್ಲಿ ಫೋಟೋ ಕಳಿಸಿ, "ಅಂಕಲ್, ಇದಕ್ಕೆ ಎಷ್ಟು ಕೇಳ್ಬೋದು?" ಅನ್ನುತ್ತಾರೆ. ಫೋಟೋದಲ್ಲಿ ಲೆನ್ಸ್ ಕಾಣುತ್ತದೆ. ಅದರ ಹಿಂದಿರುವ ಮನೆ ಕಾಣುವುದಿಲ್ಲ. ನನ್ನ ವ್ಯಾಪಾರದ ಕೊನೆಯ ವರ್ಷಗಳಲ್ಲಿ ನಡೆದ ಈ ಒಂದು ವ್ಯವಹಾರವನ್ನು ಪೂರ್ತಿ ಬರೆದಿಟ್ಟರೆ ಅವರಿಗೆ ಉಪಯೋಗವಾದೀತು ಅನ್ನಿಸಿತು.

ನಾನು ಚೇಳೂರಿನ ಕಡೆಯವನು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು. ತುಮಕೂರಿಗೆ ಬಂದು ಬಾಷಾ ಸಾಹೇಬರ ಕ್ಯಾಮೆರಾ ರಿಪೇರಿ ಅಂಗಡಿ ಸೇರಿದೆ. ಮೊದಮೊದಲು ಟೀ ತರುವುದು, ಆಮೇಲೆ ಸ್ಕ್ರೂ ಹೆಕ್ಕಿ ಜೋಡಿಸುವುದು, ಆಮೇಲೆ ಗಿರಾಕಿಯ ಹತ್ತಿರ ಮಾತು. ಸಾಹೇಬರು ಬೈಯುವುದರಲ್ಲಿ ಧಾರಾಳಿ, ಸಂಬಳ ಕೊಡುವುದರಲ್ಲಿ ಅಷ್ಟಕ್ಕಷ್ಟೆ. ಆದರೆ ಅವರು ಕಲಿಸಿದ ಒಂದು ಮಾತು ನನ್ನ ಹೊಟ್ಟೆ ಹೊರೆಯಿತು. ಒಂದು ಸಲ ಗಿರಾಕಿಯೊಬ್ಬ ಕ್ಯಾಮೆರಾ ಕೈಗೆತ್ತಿಕೊಂಡು ಜೇಬಿಗೆ ಕೈ ಹಾಕಿದ್ದ. ಸಾಹೇಬರು ತಡೆದು, "ಒಂದ್ನಿಮಿಷ ಸಾಮಿ, ಇಲ್ಲಿ ಕೆಳಗೆ ಒಂದು ಪೆಟ್ಟು ಬಿದ್ದೈತೆ, ಬೆಳಕು ನುಗ್ಗಬೌದು, ನೋಡ್ಕಳಿ" ಅಂದುಬಿಟ್ಟರು. ಆತ ಕ್ಯಾಮೆರಾ ಇಟ್ಟು ಹೋದ. ನನಗೆ ಹೊಟ್ಟೆ ಉರಿದುಹೋಯಿತು.

"ಯಾಕ್ ಸಾಹೇಬ್ರೇ ಹೇಳಿದ್ರಿ? ತಗೊಂಡಾಗಿತ್ತಲ್ಲ!"

"ಏನ್ಲಾ ಗಂಗ, ಐಬು ನಾನು ಹೇಳಿದ್ರೆ ಅದು ಬೆಲೆ. ಅವನು ಮನೆಗೋಗಿ ಕಂಡ್ರೆ ಅದು ಮೋಸ. ತಿಳೀತಾ?"

ಆ ಗಿರಾಕಿ ಎರಡು ಬೀದಿ ಸುತ್ತಿ ವಾಪಸ್ ಬಂದ. ಬೇರೆ ಕ್ಯಾಮೆರಾ ಕೊಂಡ. ಮಗಳ ಮದುವೆಗೆ ಮತ್ತೊಂದು ಕೊಂಡ. ಸಾಹೇಬರು ತೀರಿಕೊಂಡ ಮೇಲೂ ನನ್ನ ಅಂಗಡಿಗೇ ಬರುತ್ತಿದ್ದ.

ಆಮೇಲೆ ಡಿಜಿಟಲ್ ಬಂತು. ಊರೂರಲ್ಲಿ ಸ್ಟುಡಿಯೋಗಳ ಕತ್ತಲೆಕೋಣೆಗೆ ಕಿಟಕಿ ಹೊಡೆದು ಜೆರಾಕ್ಸ್ ಮೆಷಿನ್ ಇಟ್ಟರು. ಮರದ ಕ್ಯಾಮೆರಾಗಳು ನೀರೊಲೆಗೆ ಹೋದವು. ಹಿತ್ತಾಳೆ ಲೆನ್ಸುಗಳು ಗುಜರಿ ಸೇರಿ, ಅಲ್ಲಿಂದ ಊರಾಚೆಯ ಸತ್ಯಮಂಗಲದ ಕಡೆ ಎರಕದವರ ಹತ್ತಿರ ಹೋಗಿ ನಲ್ಲಿಗಳಾದವು. ನಾನು ಗುಜರಿ ಅಂಗಡಿಯವರಿಗೆ ಮೊದಲೇ ಹೇಳಿಟ್ಟಿದ್ದೆ: "ಗಾಜಿರೋ ಹಿತ್ತಾಳೆ ಬಂದ್ರೆ ಕರಗ್ಸೋಕೆ ಮೊದ್ಲು ನಂಗೊಂದು ಮಾತು." ಹಾಗೆ ಉಳಿಸಿಕೊಂಡದ್ದನ್ನು ಎಷ್ಟೋ ವರ್ಷ ಯಾರೂ ಮೂಸಿ ನೋಡಲಿಲ್ಲ. ನನ್ನ ಹೆಂಡತಿ ಅವುಗಳಲ್ಲಿ ಒಂದನ್ನು ಬಾಗಿಲು ಹೊಡೆದುಕೊಳ್ಳದ ಹಾಗೆ ಒತ್ತಿಡುತ್ತಿದ್ದಳು. ಕೊನೆಗೆ ಬೆಂಗಳೂರಿನ ಹೊಸ ತಲೆಮಾರಿನವರಿಗೆ ಹಳೇ ಹುಚ್ಚು ಹತ್ತಿತು. ವಾಟ್ಸಾಪ್ ಗುಂಪು ಶುರುವಾಯಿತು. ಬಾಗಿಲಿಗೆ ಒತ್ತಿಟ್ಟಿದ್ದ ಲೆನ್ಸು ಅವಳಿಗೆ ಒಂದು ಜೊತೆ ಬಳೆ ತಂದಿತು.

ಇಷ್ಟು ಪೀಠಿಕೆ ಸಾಕು. ಗುಬ್ಬಿಗೆ ಬರೋಣ.

ಗುಬ್ಬಿಯ ಮಹಾಲಿಂಗಪ್ಪನವರು ಅಪ್ಪನ ಕಾಲದ ಸ್ಟುಡಿಯೋ ನಡೆಸಿಕೊಂಡು ಬಂದವರು. ಎರಡು ತಲೆಮಾರಿನ ಮದುವೆ ಗಂಡು ಹೆಣ್ಣುಗಳು ಅವರ ಮುಂದೆ ಕೂತು ಗದ್ದ ಎತ್ತಿದ್ದಾರೆ. ಅಂಗಡಿ ಬಾಡಿಗೆಯದು. ಕಟ್ಟಡದ ಯಜಮಾನರು ಕೆಡವಿ ಕಾಂಪ್ಲೆಕ್ಸ್ ಕಟ್ಟುವ ತಯಾರಿಯಲ್ಲಿದ್ದರು. ಬಸ್ ಸ್ಟ್ಯಾಂಡಿನ ಪಕ್ಕ ಸಣ್ಣ ಮಳಿಗೆಯೊಂದು ಖಾಲಿ ಇತ್ತು. ಯುಗಾದಿಯ ಒಳಗೆ ಮುಂಗಡ ಕೊಟ್ಟರೆ ಅದು ಇವರದು, ಇಲ್ಲದಿದ್ದರೆ ಮೊಬೈಲ್ ರಿಪೇರಿಯವನೊಬ್ಬ ಕಾದು ಕೂತಿದ್ದ. ಮಳಿಗೆ ಕೈ ತಪ್ಪಿದರೆ ಸ್ಟುಡಿಯೋ ಅಲ್ಲಿಗೆ ಮುಗಿಯಿತು. ಕೈಯಲ್ಲಿದ್ದ ಹಣಕ್ಕೆ ಇನ್ನೊಂದಿಷ್ಟು ಸೇರಬೇಕಿತ್ತು. ಅದಕ್ಕೇ ನನ್ನನ್ನು ಕರೆಸಿದ್ದರು.

ಅವರ ಹೆಂಡತಿ ಗೌರಮ್ಮ ಮಂಡಕ್ಕಿ, ಕಾಫಿ ತಂದಿಟ್ಟರು. ಮಹಾಲಿಂಗಪ್ಪನವರು ಬೀರುವಿನಿಂದ ಕೆಂಪು ವಸ್ತ್ರದ ಗಂಟು ತೆಗೆದು ಬಿಚ್ಚಿದರು. ನಾನು ಕೈಗೆತ್ತಿಕೊಂಡೆ. ಕೊಳವೆಯ ಮೇಲೆ ತಯಾರಕರ ಹೆಸರು, ಊರು, ಬಳುಕುವ ಅಕ್ಷರದಲ್ಲಿ ಕೆತ್ತಿತ್ತು. ಕೊಳವೆ ತಿರುಗಿಸಿ ಹಿಂದಿನಿಂದ ನೋಡಿದೆ. ಆ ಕಡೆಯ ಗೋಡೆಯ ಕ್ಯಾಲೆಂಡರ್ ತಲೆಕೆಳಗಾಗದೆ ನೆಟ್ಟಗೇ ಕಂಡಿತು.

"ಹಿಂದಿನ ಗಾಜೆಲ್ಲಿ ಸ್ವಾಮಿ?"

"ಅದು ತಮ್ಮನ ಪಾಲಿಗೆ ಹೋಯ್ತು."

"ಪಾಲಿಗೆ ಅಂದ್ರೆ?"

"ಪಾಲು ಅಂದ್ರೆ ಪಾಲು ಗಂಗಣ್ಣ. ಅಪ್ಪ ಹೋದ್ಮೇಲೆ ಪಂಚಾಯ್ತಿ ಕೂತ್ರು. ಮನೆ, ತೋಟ ಎಲ್ಲಾ ಸಲೀಸಾಗಿ ಆಯ್ತು. ಈ ಲೆನ್ಸಿಗೆ ಬಂದು ನಿಂತ್ಕಂತು. ನಂಗೂ ಬೇಕು, ಅವನಿಗೂ ಬೇಕು. ನಮ್ಮ ದೊಡ್ಡಮಾವ ಕೈಗೆ ತಗಂಡು ಹಿಂಗೆ ತಿರುಗಿಸಿದ್ರು. ಎರಡಾಗಿ ಬಂತು. 'ದೇವ್ರೇ ಎಲ್ಡು ಮಾಡಿಟ್ಟವ್ನೆ, ನಿಮ್ಗ್ಯಾಕ್ರಲಾ ಜಗ್ಳ?' ಅಂದ್ರು. ಎಲ್ರೂ ಸೈ ಅಂದ್ರು."

ನಾನು ನಗಲಿಲ್ಲ. ನಗುವ ಜಾಗವಲ್ಲ ಅದು. ಪಂಚಾಯ್ತಿಯಲ್ಲಿ ಕೂತವರು ಎತ್ತು, ಬಾವಿ, ತೆಂಗಿನ ಮರ ಹಂಚಿ ಗೊತ್ತಿದ್ದವರು. ಒಂದೊಂದು ಗಾಜೂ ಒಂದೊಂದು ಲೆನ್ಸು ಅಂದುಕೊಂಡಿದ್ದರು. ಎರಡು ಗಾಜು ಸೇರಿದರೇ ಒಂದು ಮುಖ ಮೂಡುತ್ತದೆ ಅನ್ನುವುದು ಆ ಇಬ್ಬರು ಮಕ್ಕಳಿಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಕೊಳವೆಯ ಭಾಗ ದೊಡ್ಡದಾಯಿತು ಎಂದು ತೂಕ ಸರಿಮಾಡಲು, ಹಲಗೆಗೆ ಕೂರಿಸುವ ಬಳೆಯನ್ನೂ ತಮ್ಮನ ಕಡೆಗೆ ಹಾಕಿದ್ದರು.

"ಬಳೆ ಅವನಿಗೋಯ್ತು ನೋಡಿ, ಅಲ್ಲೇ ನಾನು ಸೋತಿದ್ದು" ಅಂದರು ಮಹಾಲಿಂಗಪ್ಪ. "ಬಳೆ ಇಲ್ದೆ ಇದು ಚೊಂಬು. ಒಳ್ಳೇ ಪಾಲು ಅವನ್ದೇ."

"ಆವತ್ತಿಂದ ಮಾತಿಲ್ಲ ಕಣಣ್ಣ ಇಬ್ರಿಗೂ" ಅಂದರು ಗೌರಮ್ಮ. "ಇದನ್ನ ನೋಡ್ದಾಗೆಲ್ಲ ಇವ್ರಿಗೆ ಬಿಪಿ ಏರತ್ತೆ. ತಗೊಂಡೋಗಿ ಅತ್ಲಾಗೆ."

ಹನ್ನೊಂದು ಸಾವಿರ ಎಣಿಸಿ ಕೊಟ್ಟೆ. ತಮ್ಮನ ಹತ್ತಿರ ನಾನೇ ಮಾತಾಡುತ್ತೇನೆ, ಇನ್ನರ್ಧ ಸಿಗದಿದ್ದರೆ ನಷ್ಟ ನನ್ನದು ಎಂದು ಬಾಯಿಬಿಟ್ಟೇ ಹೇಳಿದೆ. ಅದು ಜೂಜು, ಅವರಿಗೂ ಗೊತ್ತಿತ್ತು. ಆ ಹಣ ಸೇರಿದರೂ ಮುಂಗಡಕ್ಕೆ ಸಾಲದು ಎಂದು ಅವರು ಹೇಳಲಿಲ್ಲ. ಗೌರಮ್ಮನ ಮುಖ ನೋಡಿ ನನಗೆ ಗೊತ್ತಾಯಿತು.

ಅದೇ ವಾರ ಕೊಳವೆಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದೆ. "ಸದ್ಯಕ್ಕೆ ಅರ್ಧ ಮಾತ್ರ ನನ್ನ ಹತ್ತಿರ ಇದೆ" ಎಂದು ಮೊದಲ ಸಾಲಿನಲ್ಲೇ ಬರೆದೆ. ಬೆಂಗಳೂರಿನಿಂದ ಅನಘಾ ಅನ್ನುವ ಹೆಣ್ಣುಮಗಳು ಫೋನ್ ಮಾಡಿದಳು. ಮರದ ದೊಡ್ಡ ಕ್ಯಾಮೆರಾದಲ್ಲಿ ಗಾಜಿನ ತಟ್ಟೆಯ ಮೇಲೇ ಮನುಷ್ಯರ ಚಿತ್ರ ತೆಗೆಯುವವಳು.

"ಅಂಕಲ್, ಈ ಥರದ ಲೆನ್ಸ್ ನಾನು ತುಂಬಾ ದಿನದಿಂದ ಹುಡುಕ್ತಾ ಇದೀನಿ. ಫುಲ್ ಇದ್ರೆ ಮಾತ್ರ ಹೇಳಿ. ಬಂದು ನೋಡಿ, ಟೆಸ್ಟ್ ಮಾಡಿ ತಗೋತೀನಿ."

"ಫುಲ್ ಮಾಡ್ಸಿ ಫೋನ್ ಮಾಡ್ತೀನಮ್ಮ" ಅಂದೆ.

ಕುಣಿಗಲ್ಲಿಗೆ ಹೊರಟೆ. ಕೊಳವೆಯನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ತಮ್ಮ ರೇಣುಕಪ್ಪನವರದೂ ಸ್ಟುಡಿಯೋನೇ. ಮುಂದೆ ಅಂಗಡಿ, ಹಿಂದೆ ಮನೆ. ಪಾಸ್‌ಪೋರ್ಟ್ ಫೋಟೋ, ಜೆರಾಕ್ಸು, ಲ್ಯಾಮಿನೇಷನ್ನು. ನಾನು ಹೋದಾಗ ಯಾರದೋ ಜಾತಿ ಸರ್ಟಿಫಿಕೇಟು ಮೆಷಿನ್ನಿನೊಳಗೆ ಹೋಗುತ್ತಿತ್ತು. ಪರಿಚಯ ಹೇಳಿಕೊಂಡು ವಿಷಯ ಎತ್ತಿದೆ.

"ಯಾರ್ ಕಳ್ಸಿದ್ದು ನಿಮ್ಮನ್ನ? ಅವನಾ?"

"ಯಾರೂ ಕಳ್ಸಿಲ್ಲ ಸ್ವಾಮಿ. ವ್ಯಾಪಾರದೋನು, ನಾನೇ ಬಂದೆ."

"ಬಿಡಿಬಿಡಿಯಾಗಿ ಕೊಳ್ಳೋಕೆ ಇದೇನು ಹಲಸಿನ ಹಣ್ಣಾ? ತೊಳೆ ಲೆಕ್ಕದಲ್ಲಿ ಮಾರ್ಬೇಕಾ?"

"ತೊಳೆ ಲೆಕ್ಕದಲ್ಲಿ ಹಂಚ್ಕೊಂಡೋರು ನಾನಲ್ವಲ್ಲ" ಅಂದೆ.

ಸರ್ಟಿಫಿಕೇಟಿನ ಗಿರಾಕಿ ಕಿಸಕ್ಕೆಂದ. ರೇಣುಕಪ್ಪನವರು ಅವನ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿ, "ಒಳಗ್ ಬನ್ನಿ" ಅಂದರು. ಇದನ್ನು ಹೇಳಲೇಬೇಕು: ಬೈಯುವ ಮನುಷ್ಯ ಒಳಗೆ ಬನ್ನಿ ಅಂದರೆ ವ್ಯಾಪಾರಕ್ಕೆ ಜೀವ ಇದೆ. ನಯವಾಗಿ ಮಾತಾಡಿ ಬಾಗಿಲಲ್ಲೇ ನಿಲ್ಲಿಸಿದರೆ ಬಸ್ಸು ಹಿಡಿಯಿರಿ.

ಒಳಗೆ ದೇವರ ಮನೆ ತೋರಿಸಿದರು. ಲಿಂಗದ ಪಕ್ಕದಲ್ಲಿ, ಅಪ್ಪನ ಫೋಟೋದ ಮುಂದೆ, ಹಿತ್ತಾಳೆ ಬಳೆಯ ಮೇಲೆ ಹಿಂದಿನ ಗಾಜು. ಗಾಜಿನ ಮೇಲೆ ಅಡ್ಡಡ್ಡಕ್ಕೆ ಮೂರು ಬೆರಳಿನ ವಿಭೂತಿ.

"ಇದು... ದಿನಾ ಹಚ್ತೀರಾ?"

"ಸೋಮವಾರ ಸೋಮವಾರ. ಪಂಚೆ ತುದೀಲಿ ಒರೆಸಿ ಹೊಸದಾಗಿ ಹಚ್ಚೋದು. ಯಾಕೆ? ನಮ್ಮಪ್ಪನ ಕೈಯಾಡಿದ ವಸ್ತು."

ಬೂದಿ ಹಾಕಿ ಹಿತ್ತಾಳೆ ತೊಳೆದವರಿಗೆ ಗೊತ್ತು, ಬೂದಿ ಏನು ಮಾಡುತ್ತದೆ ಅಂತ. ಅದನ್ನು ವಾರ ವಾರ ಗಾಜಿನ ಮೇಲೆ ಪಂಚೆಯಲ್ಲಿ ಉಜ್ಜಿದ್ದಾರೆ. ಆದರೆ ಮನುಷ್ಯನ ಭಕ್ತಿಗೆ ಯಾವ ಬಾಯಲ್ಲಿ ಐಬು ಹೇಳುವುದು?

"ಪಾಲಲ್ಲಿ ಅವನಿಗೇ ಹೆಚ್ಚು ಹೋಗಿದ್ದು" ಅಂದರು ರೇಣುಕಪ್ಪ. "ಹೆಸರು ಕೆತ್ತಿರೋದು, ಊರು ಕೆತ್ತಿರೋದು, ಎಲ್ಲಾ ಅವನ ಕಡೆ. ಅಪ್ಪನ ಸ್ಟುಡಿಯೋ ಬೋರ್ಡೂ ಅವನ್ದೇ. ನಂಗೆ ಬಂದಿದ್ದು ಬಾಲ. ಅವನು ಅದನ್ನ ಪ್ರಾಣ ಹೋದ್ರೂ ಬಿಡಲ್ಲ, ಬರೆದಿಟ್ಕೊಳ್ಳಿ."

ಚೀಲದಿಂದ ಟವೆಲ್ ಬಿಚ್ಚಿ ಕೊಳವೆಯನ್ನು ಅವರ ಮುಂದಿಟ್ಟೆ.

ಗುರುತು ಹಿಡಿಯಲು ಅವರಿಗೆ ಒಂದು ಗಳಿಗೆ ಬೇಕಾಯಿತು. ಕೆತ್ತಿದ ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದರು.

"ಮಾರ್ಬಿಟ್ನಾ?"

"ಹೂಂ."

"ಯಾಕೆ?"

ಅಂಗಡಿ ಕೆಡವುವ ವಿಷಯ, ಹೊಸ ಮಳಿಗೆಯ ವಿಷಯ, ಮೊಬೈಲಿನವನು ಕಾದಿರುವ ವಿಷಯ ಹೇಳಿದೆ. ಅಷ್ಟು ಹತ್ತಿರದ ಊರಿನಲ್ಲಿದ್ದೂ ಅವರಿಗೆ ಅದು ಯಾವುದೂ ಗೊತ್ತಿರಲಿಲ್ಲ.

"ಅಪ್ಪನ ಅಂಗಡಿ ಕೆಡವ್ತಾರಾ?" ಅಂದರು. ಇನ್ನೊಂದು ಸಲ ಕೇಳಿದರು, "ಒಳಗಡೆ ನೀಲಿ ಪರದೆ ಇತ್ತಲ್ಲ, ಬೆಟ್ಟ, ನವಿಲು ಬರ್ಸಿದ್ದು, ಅದೂ ಹೋಗತ್ತಾ?"

ಪರದೆಯ ವಿಷಯ ನನಗೇನು ಗೊತ್ತು? ಕಾಫಿ ಕುಡಿಸಿದರು. ಗಾಜು ಕೊಡುತ್ತೇನೆ ಅನ್ನಲಿಲ್ಲ, ಕೊಡುವುದಿಲ್ಲ ಅಂತಲೂ ಅನ್ನಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಖಾಲಿ ಕೈಯಲ್ಲಿ ವಾಪಸ್ ಬಂದೆ. ಬಸ್ಸಿನಲ್ಲಿ ಕೂತು ಹನ್ನೊಂದು ಸಾವಿರಕ್ಕೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟೆ.

ಮಧ್ಯೆ ಮಹಾಲಿಂಗಪ್ಪನವರ ಫೋನ್ ಬಂತು. ಇನ್ನಷ್ಟು ದುಡ್ಡು ಕೇಳುತ್ತಾರೆ ಎಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡೇ ಫೋನೆತ್ತಿದೆ.

"ಹೋಗಿದ್ರಾ ಕುಣಿಗಲ್ಗೆ?"

"ಹೋಗಿದ್ದೆ."

"ಹೆಂಗವ್ನೆ?"

"ಚೆನ್ನಾಗವ್ರೆ. ತಲೆ ಪೂರ್ತಿ ಬೆಳ್ಳಗಾಗಿದೆ."

"ಹಂಗಾ" ಅಂದರು. ಫೋನ್ ಇಟ್ಟುಬಿಟ್ಟರು.

ಯುಗಾದಿ ಹತ್ತಿರವಾಗುತ್ತಿತ್ತು. ಕೊನೆಗೊಂದು ದಿನ ರೇಣುಕಪ್ಪನವರೇ ಫೋನ್ ಮಾಡಿದರು. "ಭಾನುವಾರ ಅಂಗಡಿ ತೆಗೆದಿರ್ತೀರಾ? ನಾನೇ ತರ್ತೀನಿ. ನಿಮ್ಮ ಕೈಗೆ ಮಾತ್ರ ಕೊಡಲ್ಲ. ಜೋಡಿಸೋದೂ ನಾನೇ."

"ಆಗ್ಲಿ ಸ್ವಾಮಿ. ಆದ್ರೆ ಟೆಸ್ಟ್ ಮಾಡೋಕೆ ಮರದ ಕ್ಯಾಮೆರಾ ಬೇಕು. ನಿಮ್ಮಪ್ಪನ ಕಾಲದ್ದು ನಿಮ್ಮಣ್ಣನ ಹತ್ರ ಇದೆ. ಅವರೂ ಬರ್ತಾರೆ."

"ಬರ್ಲಿ. ನಾನು ಮಾತಾಡಲ್ಲ, ಅಷ್ಟೆ."

ಮಹಾಲಿಂಗಪ್ಪನವರಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರನ್ನು ಕರೆಸಿ ಕೂಡಿಸುವ ನಾಟಕ ಬೇಡ. ಅದು ಮದುವೆಮನೆ ರಾಜಿಗೆ ಸರಿ, ವ್ಯಾಪಾರಕ್ಕೆ ಅಲ್ಲ. "ನಾನೂ ಮಾತಾಡಲ್ಲ" ಅಂದರು ಅವರು. ಆ ವಿಷಯದಲ್ಲಿ ಇಬ್ಬರದೂ ಒಮ್ಮತ.

ಭಾನುವಾರ ರೇಣುಕಪ್ಪ ಮೊದಲು ಬಂದರು. ಗಾಜಿನ ಮೇಲೆ ವಿಭೂತಿ ಹಾಗೇ ಇತ್ತು. ಒರೆಸಲು ಪಂಚೆ ತುದಿ ಎತ್ತಿದರು, ನಾನು ಕೂಗಿಕೊಂಡೆ. ಅವರು ಹಿಡಿದುಕೊಂಡರು, ನಾನು ಕಾಯಿಸಿ ಆರಿಸಿದ ನೀರನ್ನು ಹನಿ ಹನಿಯಾಗಿ ಬಿಟ್ಟೆ. ಬೂದಿ ತಾನಾಗಿ ಹರಿದು ಹೋಯಿತು. ಆದರೂ ಗಾಜನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮೂರು ಮಸುಕು ಗೆರೆ ಉಳಿದಿದ್ದವು. ಅವು ಹೋಗುವ ಗೆರೆಗಳಲ್ಲ.

"ಇದು ನನ್ನಿಂದಾನಾ?" ಅಂದರು ರೇಣುಕಪ್ಪ, ಬಹಳ ಮೆಲ್ಲಗೆ.

"ಪೂಜೆ ಮಾಡಿದೀರಿ, ಹಾಳು ಮಾಡಿಲ್ಲ" ಅಂದೆ. ಬೆಲೆ ಇಳಿಯುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ನಾನು ಫೋನ್ ಮಾಡಿ ಕರೆಸಿದ್ದ ಅನಘಾ ಬಂದಳು. ಅವಳು ಕೂರುವ ಮೊದಲೇ ಮೂರು ಗೆರೆ ತೋರಿಸಿದೆ. ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದಳು. "ಹೇಳಿದ್ದು ಒಳ್ಳೇದಾಯ್ತು ಅಂಕಲ್. ಇದಕ್ಕೆ ಸ್ವಲ್ಪ ಕಡಿಮೆ ಆಗತ್ತೆ" ಅಂದಳು. ಆಗಲಿ ಅಂದೆ. ಅಷ್ಟರಲ್ಲಿ ಆಟೋದಿಂದ ಮಹಾಲಿಂಗಪ್ಪ ಇಳಿದರು, ತೊಡೆಯ ಮೇಲೆ ಮರದ ಕ್ಯಾಮೆರಾ ಪೆಟ್ಟಿಗೆ. ಅಣ್ಣ ತಮ್ಮನನ್ನು ನೋಡಿದರು. ತಮ್ಮ ಗೋಡೆ ಗಡಿಯಾರ ನೋಡಿದರು.

ಜೋಡಿಸುವ ಕೆಲಸ ಶುರುವಾಯಿತು. ರೇಣುಕಪ್ಪ ಹಿಂದಿನ ಗಾಜನ್ನು ಕೊಳವೆಗೆ ಕೂರಿಸಿ ತಿರುಗಿಸಿದರು. ತಿರುಪಿನ ಮರೆ ಹಿಡಿಯಲಿಲ್ಲ. ಇನ್ನೊಂದು ಸಲ. ಓರೆಯಾಗಿ ಕಚ್ಚಿಕೊಂಡಿತು. ಹಳೇ ಹಿತ್ತಾಳೆ ಮರೆ ಒಂದು ಸಲ ಕೆಟ್ಟರೆ ಮುಗಿಯಿತು.

"ಗಂಗಣ್ಣ" ಅಂದರು ಮಹಾಲಿಂಗಪ್ಪ, ರಸ್ತೆ ಕಡೆ ನೋಡುತ್ತಾ. "ಅವರಿಗೆ ಹೇಳಿ. ಮೊದ್ಲು ಎಡಕ್ಕೆ ತಿರುಗಿಸ್ಬೇಕು. ಟಕ್ ಅಂದ್ಮೇಲೆ ಬಲಕ್ಕೆ."

ಒಂದು ಗಜ ದೂರದಲ್ಲಿ ನಿಂತವರಿಗೆ ನಾನು ಹೇಳಿದೆ, "ಮೊದ್ಲು ಎಡಕ್ಕಂತೆ."

"ಗಂಗಣ್ಣ, ನಂಗೂ ಅಪ್ಪ ಹೇಳ್ಕೊಟ್ಟವ್ರೆ ಅಂತ ಹೇಳಿ ಅವರಿಗೆ."

"ಇವರಿಗೂ ಗೊತ್ತಂತೆ."

"ಗೊತ್ತಿದ್ರೆ ಯಾಕೆ ಓರೆ ಹೋಯ್ತು ಅಂತ ಕೇಳಿ."

ಅನಘಾ ನನ್ನ ಮುಖ ನೋಡಿದಳು. ಹಂಗೇ ಇರಮ್ಮ ಅಂತ ಕಣ್ಣಲ್ಲೇ ಹೇಳಿದೆ. ರೇಣುಕಪ್ಪ ಎಡಕ್ಕೆ ತಿರುಗಿಸಿದರು. ಟಕ್ ಅಂದಿತು. ಬಲಕ್ಕೆ ತಿರುಗಿಸಿದರು. ಬೆಣ್ಣೆಯ ಹಾಗೆ ಹೋಗಿ ಕೂತಿತು.

ಬಳೆಯನ್ನು ಹಲಗೆಗೆ ಬಿಗಿದು, ಲೆನ್ಸನ್ನು ಬಳೆಗೆ ಕೂರಿಸಿ, ಕ್ಯಾಮೆರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿದೆವು. ಯಾರಾದರೂ ಮುಂದೆ ಕೂರಬೇಕಿತ್ತು. ಮಹಾಲಿಂಗಪ್ಪನವರೇ ಸ್ಟೂಲಿನ ಮೇಲೆ ಕೂತರು. ಅನಘಾ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಕ್ಯಾಮೆರಾ ಬೆನ್ನಿನ ಮಸುಕು ಗಾಜಿನ ಮೇಲೆ ಬಿದ್ದ ಚಿತ್ರ ನೋಡಿದಳು. ಹೊರಗೆ ಬಂದು, "ತುಂಬಾ ಚೆನ್ನಾಗಿದೆ. ಆದ್ರೆ ಈ ಕ್ಯಾಮೆರಾ ಫೋಕಸ್ ಬಿಗಿ ಇದೆ, ನಂಗೆ ಬರ್ತಿಲ್ಲ" ಅಂದಳು.

ರೇಣುಕಪ್ಪ ಸುಮ್ಮನೆ ಹೋಗಿ ಬಟ್ಟೆ ಹೊದ್ದುಕೊಂಡರು. ಬಿಗಿಯಾದ ಗುಂಡಿ ಕಿರ್ ಎಂದು ಎರಡು ಸಲ ತಿರುಗಿತು. ಆಮೇಲೆ ಬಟ್ಟೆಯೊಳಗಿಂದ ಸ್ಟುಡಿಯೋದವರ ಆ ಮಾಮೂಲಿ ದನಿ ಬಂತು:

"ಗದ್ದ ಸ್ವಲ್ಪ ಎತ್ತಣ್ಣ. ಇನ್ನೊಂಚೂರು. ಹಾಂ, ಅಲ್ಲಾಡ್ಬೇಡ."

ಮಹಾಲಿಂಗಪ್ಪ ಗದ್ದ ಎತ್ತಿದರು. ಸಾವಿರಾರು ಜನಕ್ಕೆ ತಾವೇ ಹೇಳಿದ ಮಾತಿಗೆ ತಾವೇ ಕಲ್ಲಿನ ಹಾಗೆ ಕೂತರು. ಬಟ್ಟೆಯೊಳಗಿದ್ದವರು ಬೇಗ ಹೊರಗೆ ಬರಲಿಲ್ಲ.

ಇಲ್ಲಿಗೆ ಎಲ್ಲ ಸುಖವಾಯಿತು ಎಂದು ನೀವು ಅಂದುಕೊಂಡರೆ ನೀವು ವ್ಯಾಪಾರ ಮಾಡಿಲ್ಲ. ಅನಘಾ ಜೊತೆ ಎಳೆದಾಡಿ, ಮೂರು ಗೆರೆಯ ಬಾಬತ್ತು ಕಳೆದು, ಎಂಬತ್ತು ಸಾವಿರಕ್ಕೆ ನಿಂತಿತು. ನಾನು ರೇಣುಕಪ್ಪನವರಿಗೆ, "ಅರ್ಧಕ್ಕೆ ಅರ್ಧ, ನಲವತ್ತು ನಿಮ್ದು" ಅಂದೆ.

"ಇನ್ನು ನಲವತ್ತು ಅಣ್ಣಂದಾ?"

"ಅಲ್ಲ, ಆ ಅರ್ಧ ನಾನು ಕೊಂಡಾಗಿದೆ."

"ಎಷ್ಟಕ್ಕೆ?"

ಹೇಳಿದೆ. ಅವರ ದನಿ ಬೀದಿಗೆ ಕೇಳಿಸುವಷ್ಟು ಏರಿತು.

"ಹನ್ನೊಂದಕ್ಕಾ? ನಮ್ಮಣ್ಣನ ತಲೆ ಬೋಳ್ಸೋಕೆ ಗುಬ್ಬಿಗೆ ಹೋಗಿದ್ರಾ ನೀವು?"

"ಸ್ವಾಮಿ, ಇನ್ನರ್ಧ ಇಲ್ದಿದ್ರೆ ಅದು ಗುಜರಿ. ನೀವು ಕೊಡಲ್ಲ ಅಂದಿದ್ರೆ ಯಾರಿಗೆ ನಷ್ಟ ಆಗ್ತಿತ್ತು? ನಂಗೇ ತಾನೇ?"

"ಮಾರಿಯಾಯ್ತು ಕಣೋ ರೇಣುಕ" ಅಂದರು ಮಹಾಲಿಂಗಪ್ಪ. "ಅವರು ಎಲ್ಲಾ ಹೇಳೇ ತಗಂಡ್ರು. ಕೊಟ್ಟ ಮಾತು ಕೊಟ್ಟಾಯ್ತು."

"ನೀನು ಸುಮ್ನಿರಣ್ಣ! ನಿಂಗೆ ಯಾವತ್ತು ವ್ಯಾಪಾರ ಬಂದಿತ್ತು? ಅಪ್ಪನೂ ಇದೇ ಬೈತಿದ್ರು. ಗಂಗಣ್ಣ, ಅಣ್ಣಂಗೆ ಸಮಪಾಲು ಬಂದ್ರೆ ನನ್ನ ಗಾಜು ಇಲ್ಲಿರತ್ತೆ. ಇಲ್ದಿದ್ರೆ ಈಗ್ಲೇ ಬಿಚ್ಕೊಂಡು ಕುಣಿಗಲ್ಗೆ ಹೋಗ್ತದೆ."

ಬಿಚ್ಚಲು ಕೈಯನ್ನೂ ಹಾಕಿಬಿಟ್ಟರು. ಅಷ್ಟು ವರ್ಷ ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರು ಒಗ್ಗಟ್ಟಾಗಲು ಒಬ್ಬ ವ್ಯಾಪಾರಿ ಬೇಕಿತ್ತು. ಆ ವ್ಯಾಪಾರಿ ನಾನಾಗಿದ್ದೆ. ಕಾನೂನು ನನ್ನ ಕಡೆ ಇತ್ತು, ಕೊಟ್ಟ ಮಾತು ನನ್ನ ಕಡೆ ಇತ್ತು, ಅಣ್ಣನೂ ನನ್ನ ಕಡೆಯೇ ಇದ್ದರು. ಗಾಜು ಮಾತ್ರ ರೇಣುಕಪ್ಪನವರ ಕೈಯಲ್ಲಿತ್ತು. ಚೌಕಾಸಿಯಲ್ಲಿ ನ್ಯಾಯ ಯಾರ ಕಡೆ ಅನ್ನುವುದಲ್ಲ, ಗಾಜು ಯಾರ ಕೈಯಲ್ಲಿ ಅನ್ನುವುದೇ ಮುಖ್ಯ.

"ಹಾಗಾದ್ರೆ ನಾನು ಓಡಾಡಿದ್ದಕ್ಕೆ?" ಅಂದೆ.

"ಬಸ್ ಚಾರ್ಜ್ ತಗೊಳ್ಳಿ."

"ಬಸ್ ಚಾರ್ಜಿಗೆ ಯಾರಾದ್ರೂ ನಿಮ್ಮಿಬ್ರ ಮಧ್ಯ ಬಂದು ನಿಲ್ತಾರಾ ಸ್ವಾಮಿ?"

ಅನಘಾ ಜೋರಾಗಿ ನಕ್ಕಳು. ಮಹಾಲಿಂಗಪ್ಪನೂ ನಕ್ಕರು. ರೇಣುಕಪ್ಪ ನಗು ತಡೆಯಲು ಹೋಗಿ ಕೆಮ್ಮಿದರು. ಆಮೇಲೆ ಹಗ್ಗ ಜಗ್ಗಾಟ ನಡೆದು ಒಂದು ಕಡೆ ನಿಂತಿತು: ಇಬ್ಬರಿಗೂ ಮೂವತ್ತಾರು ಮೂವತ್ತಾರು, ನನಗೆ ಎಂಟು. ಮಹಾಲಿಂಗಪ್ಪನವರಿಗೆ ಮೊದಲು ಕೊಟ್ಟ ಹನ್ನೊಂದು ಅದರಲ್ಲೇ ಜಮಾ. ಅಲ್ಲೇ ಫೋನಿನಲ್ಲಿ ಹಣ ಹರಿದಾಡಿತು. ಮಹಾಲಿಂಗಪ್ಪನವರು ಮೆಸೇಜು ನೋಡಿ, ಓದಿ, ಗೌರಮ್ಮನಿಗೆ ಫೋನ್ ಹಚ್ಚಿ, "ಮಳಿಗೆ ಆಯ್ತು" ಅಂದರು. ಆ ಕಡೆಯಿಂದ ಗೌರಮ್ಮ ಕೇಳಿದ್ದು ನನಗೂ ಕೇಳಿಸಿತು: "ಮೈದುನ ಊಟ ಮಾಡಿದ್ರಾ?"

ಅನಘಾ ಲೆನ್ಸನ್ನು ಬಿಚ್ಚದೆ, ಇಡಿಯಾಗಿ ಸುತ್ತಿಕೊಂಡು ಬೆಂಗಳೂರಿಗೆ ಹೋದಳು. ಕ್ಯಾಮೆರಾ ಪೆಟ್ಟಿಗೆ ಭಾರ. ಕುಣಿಗಲ್ ಬಸ್ಸಿಗೆ ಹೋಗಬೇಕಾಗಿದ್ದ ರೇಣುಕಪ್ಪ ಅದರ ಒಂದು ತುದಿ ಹಿಡಿದು, "ಪರದೆ ಬಿಚ್ಚಿಟ್ಟಿದೀಯಾ ಇಲ್ವಾ?" ಎಂದು ಅಣ್ಣನನ್ನು ದಬಾಯಿಸುತ್ತಾ ಗುಬ್ಬಿ ಬಸ್ಸಿನ ಕಡೆ ನಡೆದರು. ನನಗೆ ಉಳಿದದ್ದು ಎಂಟು ಸಾವಿರ. ನನ್ನ ಲೆಕ್ಕದ ಪ್ರಕಾರ ಇಪ್ಪತ್ತೊಂಬತ್ತು ಉಳಿಯಬೇಕಿತ್ತು. ಈಗಲೂ ಆ ವ್ಯತ್ಯಾಸ ನೆನಪಾದರೆ ನಾಲಿಗೆ ಚಪ್ಪರಿಸುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ ವಹಿವಾಟು ಮುಗಿದ ಮೇಲೂ ಆ ಎರಡು ಊರಿನಿಂದ ನನಗೆ ಗಿರಾಕಿ ಬರುತ್ತಲೇ ಇದ್ದರು.

ಈಗ ನಿಮಗೆ ಹೇಳುವುದು. ಹಳೇ ದೊಡ್ಡ ಲೆನ್ಸ್ ಕೈಗೆ ಬಂದರೆ ಮೊದಲು ಎರಡೂ ಕಡೆಯಿಂದ ತೂರಿ ನೋಡಿ. ಆ ಕಡೆಯ ಗೋಡೆ ತಲೆಕೆಳಗಾಗದೆ, ನೆಟ್ಟಗೆ ಕಂಡರೆ ಒಂದು ಗಾಜು ಇಲ್ಲ ಎಂದೇ ಅರ್ಥ. ಹಲಗೆಗೆ ಕೂರಿಸುವ ಬಳೆ ಇದೆಯೇ ಕೇಳಿ. ಇಲ್ಲದಿದ್ದರೆ ಲೇತಿನವನ ಹತ್ತಿರ ಹೊಸದು ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಮೊದಲೇ ಕಳೆಯಿರಿ. ಮಾರುವವರಿಗೆ ಫೋನಿನಲ್ಲೇ ಹೇಳಿಬಿಡಿ: ಒರೆಸಬೇಡಿ, ತೊಳೆಯಬೇಡಿ, ಇದ್ದ ಹಾಗೇ ತನ್ನಿ. ಗಾಜಿನ ಮೇಲೆ ಬೂದಿ ಕಂಡರೆ ಬಟ್ಟೆ ತಾಗಿಸದೆ ನೀರು ಬಿಡಿ. ಮರೆ ಕೂರದಿದ್ದರೆ ಬಲ ಹಾಕಬೇಡಿ. ನಿಮ್ಮ ಕಮಿಷನ್ ಎಷ್ಟು ಅಂತ ಎಲ್ಲರ ಎದುರಿಗೆ, ಮೊದಲ ದಿನವೇ ಹೇಳಿ. ನ್ಯಾಯವಾದ ಕಮಿಷನ್ನಿಗೆ ಯಾರೂ ಜಗಳ ಆಡುವುದಿಲ್ಲ, ತಡವಾಗಿ ಗೊತ್ತಾದದ್ದಕ್ಕೆ ಆಡುತ್ತಾರೆ.

ಇನ್ನೊಂದು ಮಾತು. ನಮ್ಮ ಕಡೆ ಹಳೇ ವಸ್ತು ಅಂದರೆ ಅದು ಯಾರೋ ಒಬ್ಬರದಾಗಿರುವುದು ಅಪರೂಪ. ಮಾರುವವರು ಗಂಟು ಬಿಚ್ಚಿದ ಕೂಡಲೇ ಬೆಲೆ ಕೇಳಬೇಡಿ. "ಇದರಲ್ಲಿ ಇನ್ನು ಯಾರ ಪಾಲಿದೆ?" ಎಂದು ಕೇಳಿ. ಇದೆ ಅಂದರೆ ಚೌಕಾಸಿ ಅಲ್ಲಿಗೇ ನಿಲ್ಲಿಸಿ, ಆ ಇನ್ನೊಬ್ಬರ ಮನೆಗೆ ಮೊದಲು ಹೋಗಿ, ಅವರು ಕೊಟ್ಟ ಕಾಫಿ ಕುಡಿಯಿರಿ. ದುಡ್ಡು ಆಮೇಲೆ ತೆಗೆಯಿರಿ.